ಗುರುತು ಮುಟ್ಟದ ಮುಳ್ಳು

"ಒಂದೇ ಒಂದು ಮಾತು ಹೇಳಿ ಸಾಕು. ನಮ್ಮ ಭಾವ ಸತ್ತಿದ್ದು ನಾನು ಆರಿಸಿ ಕೊಡಿಸಿದ ವಾಚಿನಿಂದಾನಾ, ಅಲ್ವಾ?"

ಬಂದವನು ಕೂರುವ ಮೊದಲೇ ಇದನ್ನು ಕೇಳಿದ. ಅತ್ತೆ ಒಗೆದ ಬಟ್ಟೆ ಮಡಚುತ್ತಿದ್ದರು. ಕೈಯಲ್ಲಿದ್ದ ದಿಂಬಿನ ಚೀಲವನ್ನು ಮಡಚಿ ಮುಗಿಸಿ, ಉಳಿದವುಗಳ ಮೇಲಿಟ್ಟು, "ಮೊದಲು ಕೂತ್ಕೊಳ್ಳಿ," ಎಂದರು.

ಅತ್ತೆ ಎಂದರೆ ನನ್ನ ಗಂಡನ ತಾಯಿ. ವಿಮೆ ಕಂಪನಿಯಲ್ಲಿ ಸರಕಿನ ಸರ್ವೇಯರ್ ಆಗಿದ್ದು ನಿವೃತ್ತರಾದವರು. ಹಡಗಿನ ಹೊಟ್ಟೆಯೊಳಗೆ ಇಳಿದು, ಕೊಳೆತ ಮೂಟೆ ಯಾಕೆ ಕೊಳೆಯಿತು, ತುಕ್ಕು ಹಿಡಿದ ಕಬ್ಬಿಣಕ್ಕೆ ಎಲ್ಲಿ ತುಕ್ಕು ಹಿಡಿಯಿತು ಎಂದು ಹೇಳುವುದು ಅವರ ಕೆಲಸವಾಗಿತ್ತು. ಕೆಲಸ ಬಿಟ್ಟ ಮೇಲೂ ಜನ ಹುಡುಕಿಕೊಂಡು ಬರುವುದು ನಿಲ್ಲಲಿಲ್ಲ. ಬರಬರುತ್ತ ಮೂಟೆಗಳ ಬದಲು ಮನುಷ್ಯರ ಸಂಗತಿಗಳು ಬರತೊಡಗಿದವು. ಕಾರು ಓಡಿಸುವುದು, ಜೊತೆಯಲ್ಲಿ ಕೂತು ಬಾಯಿ ಮುಚ್ಚಿಕೊಂಡಿರುವುದು ನನ್ನ ಪಾಲಿನ ಕೆಲಸ. ಅತ್ತೆ ಸೊಸೆ ಒಂದೇ ಕಾರಿನಲ್ಲಿ ಜಗಳವಿಲ್ಲದೆ ತಿರುಗುವುದೇ ಯಾರೂ ಭೇದಿಸದ ರಹಸ್ಯ ಎಂದು ನನ್ನ ಗಂಡ ಹೇಳುವುದುಂಟು.

ಬಂದವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಅವನ ಅಕ್ಕನ ಗಂಡ ಬಂದರಿನಲ್ಲಿ ಮುಳುಗುಗಾರ. ಹಡಗಿನ ತಳಕ್ಕೆ ಅಂಟಿದ ಪಾಚಿ, ಚಿಪ್ಪು ಕೆರೆಯುವುದು, ಪಂಖಕ್ಕೆ ಸುತ್ತಿಕೊಂಡಿದ್ದನ್ನು ಬಿಡಿಸುವುದು ಅವನ ಕೆಲಸ. ಹಿಂದಿನ ವಾರ ಒಂದು ಸರಕು ಹಡಗಿನ ಕೆಳಗೆ ಇಳಿದವನು ಜೀವಂತ ಮೇಲೆ ಬರಲಿಲ್ಲ. ಬೆನ್ನಿನ ಸಿಲಿಂಡರಿನಲ್ಲಿ ಗಾಳಿ ಪೂರ್ತಿ ಮುಗಿದಿತ್ತು. ಕೈಯಲ್ಲಿದ್ದ ವಾಚಿನೊಳಗೆ ನೀರು ಹೋಗಿ ನಿಂತಿತ್ತು. ವಾಚ್ ನಿಂತದ್ದು ತಿಳಿಯದೆ, ಇನ್ನೂ ಹೊತ್ತಿದೆ ಅಂದುಕೊಂಡು ಕೆಳಗೇ ಉಳಿದ ಎಂದು ಕಂಪನಿ ವರದಿ ಬರೆದಿತ್ತು.

"ಆ ವಾಚು ಹುಡುಕೋಕೆ ಎರಡು ತಿಂಗಳು ಅಲೆದಿದ್ದೀನಿ," ಎಂದ ಅವನು. "ಭಾವನ ಹಳೇ ವಾಚ್ ಕೆಟ್ಟಿತ್ತು. ದುಬಾರಿದು ಬೇಡ, ಕೆಲಸಕ್ಕೆ ಬರೋದು ಬೇಕು ಅಂದ್ರು. ಅಂಗಡಿಯಲ್ಲಿ ಮೂರು ಇಟ್ಟುಕೊಂಡು ಕೂತ್ವಿ. ಒಂದು ನೋಡೋಕೆ ರಾಜ, ಆದರೆ ಕೈ ತೊಳೆಯೋ ನೀರಿಗಷ್ಟೇ ತಡೆಯೋದು. ಇನ್ನೊಂದು ಬ್ಯಾಟರಿದು. ಸಮಯ ಕರಾರುವಾಕ್ಕು, ಬೆಲೆನೂ ಕಡಿಮೆ. ಭಾವ ಒಪ್ಪಲಿಲ್ಲ. 'ಬ್ಯಾಟರಿ ಮೊದಲೇ ಹೇಳಿ ಸಾಯಲ್ಲ,' ಅಂದ್ರು. ಕೊನೆಗೆ ಆಟೋಮ್ಯಾಟಿಕ್. ಕೈ ಆಡಿಸ್ತಾ ಇದ್ದರೆ ತಾನೇ ಕೀ ತುಂಬಿಕೊಳ್ಳುತ್ತೆ. ಕಪ್ಪು ಮುಖ, ಕತ್ತಲಲ್ಲಿ ಹೊಳೆಯೋ ದಪ್ಪ ಮುಳ್ಳು. ತಾರೀಖಿನ ಕಿಂಡಿ ಇಲ್ಲದ್ದೇ ಇರಲಿ ಅಂದ್ರು. 'ಕೆಳಗೆ ನಂಗೆ ತಾರೀಖು ಯಾಕೆ?' ಅಂತ ನಗಾಡಿದ್ರು."

"ಅದರ ಮುಳ್ಳು ತಿರುಗಿಸೋ ಗುಂಡಿ?" ಎಂದು ಅತ್ತೆ ಕೇಳಿದರು.

"ತಿರುಪಿನ ಗುಂಡಿ. ತಿರುಗಿಸಿ ಬಿಗಿ ಮಾಡಿದ್ರೆ ಹನಿ ನೀರು ಒಳಗೆ ಹೋಗಲ್ಲ. ಇಳಿಯೋ ಮೊದಲು ಹೆಬ್ಬೆರಳಿಂದ ಒತ್ತಿ ನೋಡಿ ಅಂತ ನಾನೇ ಹೇಳಿಕೊಟ್ಟಿದ್ದೆ. ಮನೆಯಲ್ಲಿ ಊಟಕ್ಕೆ ಕೂತರೂ ಹೆಬ್ಬೆರಳು ಅಲ್ಲೇ ಹೋಗ್ತಿತ್ತು. ಅಂಥವರು ಅವತ್ತು ಗುಂಡಿ ಬಿಚ್ಚಿಟ್ಟುಕೊಂಡು ಇಳಿದ್ರು ಅಂದ್ರೆ..." ಅವನು ಕೈಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದ. "ಅಕ್ಕ ನನ್ನ ಹತ್ರ ಮಾತಾಡ್ತಿಲ್ಲ. 'ಅಗ್ಗದ್ದು ಹುಡುಕಿ ಹುಡುಕಿ ನನ್ನ ಗಂಡನ್ನ ಕಳೆದೆ' ಅಂದ್ಲು. ಅಷ್ಟೇ. ಆಮೇಲೆ ಒಂದು ಮಾತಿಲ್ಲ. ಇದನ್ನೂ ಎದುರಿಗೆ ಕೊಡಲಿಲ್ಲ, ಬಾಗಿಲ ಹತ್ರ ಇಟ್ಟು ಒಳಗೆ ಹೋದ್ಲು."

ಅತ್ತೆ ಕವರಿನ ಮೇಲಿಂದಲೇ ವಾಚನ್ನು ಬೆಳಕಿಗೆ ಹಿಡಿದರು. ಗಾಜಿನ ಒಳಗಡೆ ಮಂಜು ಕಟ್ಟಿ, ಕೆಳಗೆ ನಾಲ್ಕಾರು ಹನಿ ಸೇರಿದ್ದವು. ಗುಂಡಿ ಅರ್ಧ ತಿರುಪಿನಲ್ಲಿ ನಿಂತಿತ್ತು. ರಬ್ಬರ್ ಪಟ್ಟಿಯ ಕೊಕ್ಕೆಯಲ್ಲಿ ಒಂದು ಹಸಿರು ನೈಲಾನ್ ಎಳೆ ಸಿಕ್ಕಿಕೊಂಡಿತ್ತು. ಗಾಜಿನ ಸುತ್ತ ತಿರುಗುವ ಬಳೆಯ ಮೇಲೆ ಒಂದು ತ್ರಿಕೋನದ ಗುರುತು. ನಿಮಿಷದ ಮುಳ್ಳು ಆ ಗುರುತಿನ ಹತ್ತಿರ ಬಂದು, ಮುಟ್ಟುವುದಕ್ಕೆ ಹತ್ತು ನಿಮಿಷದ ದೂರ ಇರುವಾಗ ನಿಂತಿತ್ತು.

"ಈ ಬಳೆ ನಿಮ್ಮ ಭಾವ ಹೇಗೆ ಬಳಸ್ತಿದ್ರು?"

"ಎಲ್ಲರೂ ಮಾಡೋ ಹಾಗಲ್ಲ. ಉಳಿದವರು ಇಳಿಯೋವಾಗ ಗುರುತನ್ನ ಮುಳ್ಳಿನ ಎದುರಿಗೆ ತರ್ತಾರೆ, ಎಷ್ಟು ಹೊತ್ತು ಕಳೀತು ಅಂತ ಎಣಿಸೋಕೆ. ಭಾವ ಗುರುತನ್ನ ಅರ್ಧ ಗಂಟೆ ಮುಂದೆ ಇಡ್ತಿದ್ರು. 'ಕೆಳಗೆ ನಂಗೆ ಲೆಕ್ಕ ಬರಲ್ಲ ಮಾರಾಯ. ಮುಳ್ಳು ಗುರುತು ಮುಟ್ಟಿದ್ರೆ ಮನೆಗೆ ಹೊರಡು, ಅಷ್ಟೇ,' ಅಂತಿದ್ರು."

ಅತ್ತೆ ಎದ್ದರು. "ಅದನ್ನ ಕೊಂಡ ಅಂಗಡಿ ತೋರಿಸಿ."

*

ವಾಚಂಗಡಿಯವರಿಗೆ ಕೋಪ ಮೂಗಿನ ತುದಿಯಲ್ಲೇ ಇತ್ತು. ಸುದ್ದಿ ಆಗಲೇ ಅವರ ಕಿವಿಗೂ ಬಿದ್ದಿತ್ತು.

"ನನ್ನ ಅಂಗಡಿ ವಾಚ್ ಮನುಷ್ಯನ್ನ ಕೊಲ್ಲುತ್ತಾ?" ಎಂದು ಅಂಥದ್ದೇ ಇನ್ನೊಂದನ್ನು ಪೆಟ್ಟಿಗೆಯಿಂದ ತೆಗೆದು, ಗಲ್ಲಾದ ಮೇಲಿದ್ದ ನೀರಿನ ಲೋಟದೊಳಗೆ ಬಿಟ್ಟರು. "ನೋಡಿ, ಸಾಯಂಕಾಲದ ತನಕ ಇಲ್ಲೇ ಇರಲಿ. ಬೆಲೆ ಕಡಿಮೆ ಅಂದ ಮಾತ್ರಕ್ಕೆ ಕಳಪೆ ಅಂತಲ್ಲ ಅಮ್ಮಾ. ಚಿನ್ನದ ನೀರು ಕುಡಿಸಿಲ್ಲ, ಪೆಟ್ಟಿಗೆಗೆ ಮಕಮಲ್ ಹಾಕಿಲ್ಲ. ಕಾಸು ಹೋಗಿರೋದು ತಿರುಪಿಗೆ, ವಾಶರಿಗೆ, ಗಾಜಿಗೆ. ಮುಳುಗೋನಿಗೆ ಅದು ಸಾಕು."

"ಬಳೆ ತಾನಾಗಿ ತಿರುಗಿಬಿಡೋದಿಲ್ವಾ?" ಎಂದೆ ನಾನು.

"ತಿರುಗಿದರೂ ಒಂದೇ ಕಡೆಗೆ. ಹಿಂದಕ್ಕೆ ಮಾತ್ರ. ಎಲ್ಲಾದರೂ ತಗುಲಿ ಗುರುತು ಜರುಗಿದರೆ ಹೊತ್ತು ಬೇಗ ಮುಗೀತು ಅಂತ ತೋರಿಸುತ್ತೆ, ಇನ್ನೂ ಇದೆ ಅಂತ ಅಲ್ಲ. ಮನುಷ್ಯ ಮೊದಲೇ ಮೇಲೆ ಬರ್ತಾನೆ."

"ಇವರ ಭಾವನ ಥರ ಗುರುತು ಮುಂದಿಟ್ಟರೂ?"

ಅವರು ಕೈಯಲ್ಲೇ ತಿರುಗಿಸಿ ನೋಡಿ, "ಆಗಲೂ ಅಷ್ಟೇ," ಎಂದರು.

ಅತ್ತೆ ಸತ್ತವನ ವಾಚನ್ನು ಮುಂದಿಟ್ಟು ಹಿಂಬದಿ ಬಿಚ್ಚಲು ಹೇಳಿದರು. ಅಂಗಡಿಯವರು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಮುಚ್ಚಳ ತೆಗೆದರು. ಒಳಗಿದ್ದ ನೀರು ನಾಲ್ಕಾರು ಹನಿಗಿಂತ ಹೆಚ್ಚಿರಲಿಲ್ಲ. ಅತ್ತೆ ಅದನ್ನು ಒಂದು ಡ್ರಾಪರಿನಿಂದ ಹೀರಿ ಪುಟ್ಟ ಬಾಟಲಿಗೆ ಹಾಕಿ ಮುಚ್ಚಿದರು. ಮುಚ್ಚಳದ ಒಳಗಿನ ರಬ್ಬರ್ ಉಂಗುರ ಹೊಸದರಂತೆ ಕಪ್ಪಗೆ, ಮೆತ್ತಗೆ ಇತ್ತು. ಗುಂಡಿಯ ತಿರುಪಿನಲ್ಲೂ ಊನವಿರಲಿಲ್ಲ.

ಕಾರಿನಲ್ಲಿ ಕನ್ನಡಕದವನು ಮತ್ತೆ ಕೇಳಿದ, "ಏನನ್ನಿಸುತ್ತೆ ನಿಮಗೆ?"

"ಅನ್ನಿಸೋದಕ್ಕೆ ಇನ್ನೂ ಹೊತ್ತಿದೆ," ಎಂದರು ಅತ್ತೆ. "ನೀವು ಮನೆಗೆ ಹೋಗಿ. ಬಂದರಿಗೆ ನಾವಿಬ್ಬರೇ ಹೋಗ್ತೀವಿ."

*

ಕಂಪನಿ ಎಂದರೆ ಬಂದರಿನ ಅಂಚಿನಲ್ಲಿ ತಗಡಿನ ಛಾವಣಿಯ ಒಂದು ಉದ್ದನೆ ಶೆಡ್ಡು. ಒಂದು ತುದಿಯಲ್ಲಿ ಆಫೀಸು, ಇನ್ನೊಂದು ತುದಿಯಲ್ಲಿ ಸಿಲಿಂಡರು, ಹಗ್ಗ, ರಬ್ಬರಿನ ಉಡುಪು ಇಡುವ ಸ್ಟೋರು. ನಡುವೆ ಒಂದು ನಲ್ಲಿ, ಅದರ ಕೆಳಗೆ ಸಿಮೆಂಟಿನ ತೊಟ್ಟಿ. ಬಾಗಿಲಿನ ಎದುರಿಗೇ ಕಟ್ಟೆ. ಕಟ್ಟೆಯ ಅಂಚಿನಲ್ಲಿ ದೋಣಿ ಕಟ್ಟುವ ಕಬ್ಬಿಣದ ಗೂಟಗಳು, ಒಂದೊಂದೂ ತುಕ್ಕು ಹಿಡಿದು ಪದರ ಏಳುತ್ತಿದ್ದವು.

ಯಜಮಾನರು ಮರ್ಯಾದಸ್ಥರು. ತಾವೂ ಒಂದು ಕಾಲಕ್ಕೆ ಮುಳುಗುತ್ತಿದ್ದವರಂತೆ. ಈಗ ಹೊಟ್ಟೆ ಬಿಡುವುದಿಲ್ಲ ಎಂದರು. ಅತ್ತೆ ವಾಚನ್ನು ಅವರ ಮೇಜಿನ ಮೇಲಿಟ್ಟು, "ಇದನ್ನ ನೋಡಿದರೆ ನಿಮಗೇನು ತಿಳಿಯುತ್ತೆ?" ಎಂದು ಕೇಳಿದರು.

"ಗುರುತು ಅಂದ್ರೆ ಇಳಿದ ಹೊತ್ತು. ಅಲ್ಲಿಂದ ಮುಳ್ಳು ಒಂದು ಸುತ್ತು ಬಂದು..." ಅವರು ಬೆರಳಿಟ್ಟು ಎಣಿಸಿದರು. "ಐವತ್ತು ನಿಮಿಷ. ಸಿಲಿಂಡರಿನ ಗಾಳಿ ಮುಕ್ಕಾಲು ಗಂಟೆಗೆ ಮುಗಿಯುತ್ತೆ. ಹಾಗಾದರೆ ವಾಚು ಗಾಳಿ ಮುಗಿದ ಮೇಲೆ ನಿಂತಿದೆ. ನಂಗಂತೂ ಇದರ ತಲೆಬುಡ ತಿಳೀಲಿಲ್ಲ. ಮೊದಲೇ ನಿಂತಿತ್ತು ಅಂತ ಮೇಲೆ ಹಗ್ಗ ಹಿಡಿದಿದ್ದ ಮೇಸ್ತ್ರಿ ಹೇಳಿದ, ವರದಿಯಲ್ಲಿ ಹಾಗೇ ಬರೆಸಿದೆ."

"ವಾಚು ನಿಮ್ಮ ಕೈಗೆ ಹೇಗೆ ಬಂತು?"

"ಕ್ಲಿನಿಕ್ಕಿನ ನರ್ಸು ಕೈಯಿಂದ ಬಿಚ್ಚಿ ಕವರಿಗೆ ಹಾಕಿ ಮೇಸ್ತ್ರಿ ಕೈಗೆ ಕೊಟ್ಟಳು. ಆ ರಾತ್ರಿ ಇಲ್ಲೇ ಬೀರುವಿನಲ್ಲಿತ್ತು. ಮಾರನೇ ದಿನ ಮನೆಯವರಿಗೆ ತಲುಪಿಸಿದ್ವಿ. ಬೀರುಗೆ ಬೀಗ ಇಲ್ಲ. ಇಲ್ಲಿ ಕದಿಯೋಕೆ ಏನಿದೆ, ಹೇಳಿ."

ಸ್ಟೋರಿನವನು ಒಣಕಲು ಮನುಷ್ಯ, ಮಾತಿಗೆ ಮೊದಲು ಮೂಗು ಸೇದುವ ಅಭ್ಯಾಸ. ನಮ್ಮನ್ನು ಕಂಡ ತಕ್ಷಣ ಆಪಾದನೆ ತನ್ನ ಮೇಲೇ ಬಂತೆಂದು ತಿಳಿದುಕೊಂಡ.

"ನಾನು ಪೂರ್ತಿ ತುಂಬಿಸಿಯೇ ಕೊಟ್ಟಿದ್ದೆ. ಮೀಟರು ಅವನೇ ನೋಡ್ಕೊಂಡ. ತುಂಬಿದ್ದು ಹೋಯ್ತು, ಖಾಲಿ ಬಂತು. ನಾನೇನು ಗಾಳಿ ಕುಡೀತೀನಾ?"

"ಆ ಸಿಲಿಂಡರು ತೋರಿಸಿ."

ಅವನು ಒರೆಸಿ ಫಳಫಳ ಮಾಡಿಟ್ಟಿದ್ದ. ಅಷ್ಟು ಒರೆಸಿದ್ದು ನನಗೆ ಅನುಮಾನ ತಂದಿತು. ಆದರೆ ಅತ್ತೆ ಬಗ್ಗಿ ನೋಡಿದ್ದು ಅದರ ಕತ್ತಿನ ತಿರುಪನ್ನು. ಚಕ್ರದ ಕೆಳಗೆ, ಬಟ್ಟೆ ಹೋಗದ ಸಂದಿಯಲ್ಲಿ, ಕೂದಲಿನಂಥ ಹಸಿರು ಎಳೆಗಳು ಸುತ್ತಿಕೊಂಡಿದ್ದವು.

"ಇವು?"

"ಬಲೆ ಎಳೆ ಇರಬೇಕು. ನೀರಲ್ಲಿ ಕಸಕ್ಕೇನು ಬರ?"

"ಅವತ್ತು ಸೊಂಟಕ್ಕೆ ಕಟ್ಟಿದ ಹಗ್ಗ?"

ಮೊಳೆಗೆ ನೇತುಹಾಕಿದ್ದ ಹಳದಿ ಹಗ್ಗದ ಸುರುಳಿ ತೋರಿಸಿದ. ಅವತ್ತು ಬೆಳಿಗ್ಗೆಯಷ್ಟೇ ಕಟ್ಟು ಬಿಚ್ಚಿದ ಹೊಸ ಹಗ್ಗ. ಆಮೇಲೆ ಅಪಶಕುನವೆಂದು ಯಾರೂ ಮುಟ್ಟಿಲ್ಲ. ಅತ್ತೆ ಅದನ್ನು ಮಾರುಮಾರಾಗಿ ಬಿಚ್ಚುತ್ತ ಹೋದರು. ಮೇಲಿನ ತುದಿಯ ಹತ್ತಿರ ಒಂದು ಕಡೆ ಹಗ್ಗ ಹಿಂಡಿದಂತೆ ಚಪ್ಪಟೆಯಾಗಿ, ಗೇಣುದ್ದ ಇಟ್ಟಿಗೆ ಬಣ್ಣದ ಕಲೆ ಇತ್ತು. ಅತ್ತೆ ಮೂಸಿ ನೋಡಿ, ಮತ್ತೆ ಸುತ್ತಿ ಇಟ್ಟರು.

"ಈ ವಾಚಿನ ಬಳೆ ಯಾಕಿದೆ ಅಂತ ನಿಮಗೆ ಗೊತ್ತಾ?"

ಸ್ಟೋರಿನವನು ಮೂಗು ಸೇದಿದ. "ಶೋಕಿಗೆ ಅಲ್ವಾ?"

ಮೇಸ್ತ್ರಿ ಸಿಕ್ಕಿದ್ದು ಕಟ್ಟೆಯ ಮೇಲೆ. ಎತ್ತರದ ಆಳು, ಎರಡು ದಿನದ ಗಡ್ಡ. ಸತ್ತವನೂ ಅವನೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು, ಬಹಳ ಕಾಲ ಜೋಡಿಯಾಗಿ ಮುಳುಗಿದವರು. ಕಿವಿಯ ತೊಂದರೆಯಿಂದ ಇವನು ಮೇಲೆ ಉಳಿದು ಮೇಸ್ತ್ರಿಯಾಗಿದ್ದ. ಈಗ ಅವನ ಕೆಲಸ ಹಗ್ಗ ಹಿಡಿದು ನಿಲ್ಲುವುದು. ಕೆಳಗಿನವನು ಒಮ್ಮೆ ಎಳೆದರೆ ಸರಿಯಿದೆ ಎಂದರ್ಥ, ಮೂರು ಸಲ ಎಳೆದರೆ ಅಪಾಯ.

"ಎಳೆತ ಬರಲೇ ಇಲ್ಲ ಅಮ್ಮಾ," ಎಂದ. ಕಣ್ಣು ಕೆಂಪಾಗಿತ್ತು. "ಹಗ್ಗ ನನ್ನ ಕೈ ಬಿಟ್ಟು ಅಲ್ಲಾಡಿಲ್ಲ. ಹೊತ್ತಾಯ್ತು ಅಂತ ಗಾಬರಿಯಾಗಿ ನಾನೇ ಇಳಿದೆ. ಹಡಗಿನ ಅಡಿಗೆ, ಕೆಸರಿನ ಮೇಲೆ ಸುಮ್ಮನೆ ಮಲಗಿದ್ದ. ಹೊತ್ತುಕೊಂಡು ಬಂದೆ."

"ಯಾವುದಕ್ಕೂ ಸಿಕ್ಕಿಕೊಂಡಿರಲಿಲ್ವಾ?"

"ಇಲ್ಲ."

ಅತ್ತೆ ವಾಚು ಚಾಚಿದರು. ಅವನು ಕೈಗೆ ತೆಗೆದುಕೊಳ್ಳಲಿಲ್ಲ. ದೂರದಿಂದಲೇ ನೋಡಿ ಮುಖ ತಿರುಗಿಸಿದ.

"ಪಾಪ, ಮುಳ್ಳು ಇನ್ನೂ ಗುರುತು ಮುಟ್ಟಿಲ್ಲ. ಇನ್ನೂ ಹತ್ತು ನಿಮಿಷ ಇದೆ ಅಂತ ನಂಬ್ಕೊಂಡು ಕೂತ. ನಿಂತ ವಾಚನ್ನ ನಂಬಿದ. ಆ ಹುಡುಗ ಇನ್ನೊಂದಿಷ್ಟು ಒಳ್ಳೇದು ಕೊಡಿಸಬಹುದಿತ್ತು."

ಹೊರಡುವಾಗ ಅತ್ತೆ ಶೆಡ್ಡಿನ ನಲ್ಲಿಯಿಂದ ಒಂದು ಬಾಟಲಿ, ಕಟ್ಟೆಯ ಮೆಟ್ಟಿಲಿಳಿದು ಸಮುದ್ರದಿಂದ ಒಂದು ಬಾಟಲಿ ನೀರು ತುಂಬಿಕೊಂಡರು. ಕಾರಿನಲ್ಲಿ ನಾನು ನನ್ನ ತೀರ್ಪು ಹೇಳಿದೆ: ತಪ್ಪು ಸ್ಟೋರಿನವನದು, ಅರ್ಧ ತುಂಬಿದ ಸಿಲಿಂಡರು ಕೊಟ್ಟಿದ್ದಾನೆ, ಹೆದರಿ ಒರೆಸಿಟ್ಟಿದ್ದಾನೆ.

"ಗೇರ್ ಬದಲಾಯಿಸು," ಎಂದರು ಅತ್ತೆ. "ಎಂಜಿನ್ ಅಳ್ತಾ ಇದೆ."

*

ಎರಡು ದಿನದ ಮೇಲೆ ಎಲ್ಲರೂ ಸತ್ತವನ ಮನೆಯ ಹೊರಕೋಣೆಯಲ್ಲಿ ಸೇರಿದೆವು. ವಾಚನ್ನು ಮನೆಯವರಿಗೆ ಹಿಂತಿರುಗಿಸುತ್ತೇವೆ, ಬನ್ನಿ ಎಂದು ಅತ್ತೆಯೇ ಹೇಳಿಕಳಿಸಿದ್ದರು. ಯಜಮಾನರು ಕುರ್ಚಿಯಲ್ಲಿ ಕೂತರು. ಸ್ಟೋರಿನವನು ಸ್ಟೂಲಿನ ಮೇಲೆ. ಮೇಸ್ತ್ರಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಅಕ್ಕ ಕಿಟಕಿಯ ಪಕ್ಕ, ತಮ್ಮ ಅವಳಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ. ಅವಳು ಅವನ ಕಡೆ ನೋಡಲಿಲ್ಲ.

ಅತ್ತೆ ಮೇಜಿನ ಮೇಲೆ ಮೂರು ಗಾಜಿನ ಬಟ್ಟಲು ಸಾಲಾಗಿ ಇಟ್ಟು, ಅವುಗಳ ಅಡಿಗೆ ಕಪ್ಪು ಕಾಗದ ಹಾಸಿದರು. ಒಂದಕ್ಕೆ ಸಮುದ್ರದ ನೀರು, ಇನ್ನೊಂದಕ್ಕೆ ಶೆಡ್ಡಿನ ನಲ್ಲಿ ನೀರು, ಮೂರನೆಯದಕ್ಕೆ ವಾಚಿನೊಳಗಿನ ಹನಿಗಳು. ಆಮೇಲೆ ಚೀಲದಿಂದ ಕಂದು ಬಣ್ಣದ ಒಂದು ಸೀಸೆ ತೆಗೆದರು.

"ಇದು ಸಿಲ್ವರ್ ನೈಟ್ರೇಟ್. ಹಡಗಿನಲ್ಲಿ ಮೂಟೆ ನೆನೆದಿದ್ದರೆ ಮಳೆ ನೀರೋ ಸಮುದ್ರದ ನೀರೋ ಅಂತ ತಿಳಿಯೋಕೆ ನಾವು ಬಳಸ್ತಿದ್ದದ್ದು. ಉಪ್ಪು ಇದ್ದರೆ ಬಿಳಿಚುತ್ತೆ."

ಮೊದಲ ಬಟ್ಟಲಿಗೆ ಒಂದು ಹನಿ ಬಿಟ್ಟರು. ನೀರು ಒಡೆದ ಹಾಲಿನಂತೆ ಬೆಳ್ಳಗೆ ಗಡ್ಡೆ ಕಟ್ಟಿತು. ಎರಡನೆಯದರಲ್ಲಿ ಹೊಗೆಯ ಎಳೆಯಷ್ಟು ಬಿಳಿ ಎದ್ದು ಹರಡಿತು. ಮೂರನೆಯದಕ್ಕೆ ಹನಿ ಬಿದ್ದಾಗ ಎಲ್ಲರೂ ಮುಂದಕ್ಕೆ ಬಾಗಿದರು. ಅಲ್ಲಿಯೂ ಹೊಗೆಯ ಎಳೆಯಷ್ಟೇ.

"ಅವರು ಸತ್ತಿದ್ದು ಸಮುದ್ರದಲ್ಲಿ," ಎಂದರು ಅತ್ತೆ. "ವಾಚಿನೊಳಗೆ ಇರೋದು ನಲ್ಲಿ ನೀರು."

"ಕ್ಲಿನಿಕ್ಕಿನಲ್ಲಿ ತೊಳೆದಿರಬಹುದಲ್ಲ?" ಎಂದರು ಯಜಮಾನರು.

"ತೊಳೆದರೆ ಹೊರಗಿನ ಉಪ್ಪು ಹೋಗುತ್ತೆ. ಒಳಗೆ ಮೊದಲೇ ಸಮುದ್ರ ನುಗ್ಗಿದ್ದರೆ ಆ ಉಪ್ಪು ಅಲ್ಲೇ ಇರಬೇಕಿತ್ತು. ಇನ್ನೊಂದು ವಿಷಯ. ಹಡಗಿನ ಅಡಿಯ ಒತ್ತಡದಲ್ಲಿ ಗುಂಡಿ ತೆರೆದಿದ್ದರೆ ವಾಚಿನ ತುಂಬ ನೀರು ಇರ್ತಿತ್ತು. ಇಲ್ಲಿದ್ದದ್ದು ನಾಲ್ಕು ಹನಿ. ಅಂದರೆ ಕೆಳಗೆ ಈ ವಾಚು ನಿಲ್ಲಲಿಲ್ಲ. ಅವರು ಸತ್ತ ಮೇಲೂ ಓಡ್ತಾ ಇತ್ತು. ಆಮೇಲೆ ಯಾರೋ ಗುಂಡಿ ಬಿಚ್ಚಿ, ಮುಳ್ಳನ್ನ ಅವರು ಕೆಳಗಿದ್ದ ಬೆಳಗಿನ ಹೊತ್ತಿಗೆ ತಿರುಗಿಸಿಟ್ಟು, ನಲ್ಲಿ ಕೆಳಗೆ ಹಿಡಿದರು. ಮಾರನೇ ದಿನ ಈ ತಾಯಿ ಕೈಗೆ ಬರುವಾಗಲೇ ಅದು ನಿಂತು ಮಂಜು ಕಟ್ಟಿತ್ತು. ಹೌದಲ್ವಾ?"

ಅಕ್ಕ ತಲೆಯಾಡಿಸಿದಳು.

"ಹಾಗಾದರೆ ಆ ಒಂದು ರಾತ್ರಿ, ಬೀಗವಿಲ್ಲದ ಬೀರು, ನೀವು ಮೂವರು."

ಸ್ಟೋರಿನವನು ಸ್ಟೂಲಿನಿಂದ ಎದ್ದೇ ಬಿಟ್ಟ. "ನನಗೂ ಅದಕ್ಕೂ ಸಂಬಂಧ ಇಲ್ಲ!"

"ಇಲ್ಲ, ಕೂತ್ಕೊಳ್ಳಿ. ನಿಮಗೆ ಬಳೆ ಶೋಕಿ. ಇದನ್ನ ಮಾಡಿದವರಿಗೆ ಅದು ಶೋಕಿಯಲ್ಲ." ಅತ್ತೆ ವಾಚನ್ನು ಎತ್ತಿ ಹಿಡಿದರು. "ವಾಚು ಮೊದಲೇ ನಿಂತಿತ್ತು ಅಂತ ತೋರಿಸಬೇಕು. ಮುಳ್ಳು ಎಲ್ಲಿಡಬೇಕು? ಯಜಮಾನರು ಮಾಡಿದ್ದರೆ ಗುರುತಿಗಿಂತ ಹತ್ತೋ ಹದಿನೈದೋ ನಿಮಿಷ ಮುಂದೆ ಇಡ್ತಿದ್ರು. ಅವರ ಲೆಕ್ಕದಲ್ಲಿ ಗುರುತು ಅಂದ್ರೆ ಇಳಿದ ಹೊತ್ತು. ಹಾಗೆ ನೋಡಿದ್ದಕ್ಕೇ ಅವರಿಗೆ ಈ ವಾಚಿನ ತಲೆಬುಡ ತಿಳೀಲಿಲ್ಲ. ಆದರೆ ಮುಳ್ಳು ನಿಂತಿರೋದು ಗುರುತಿನ ಹಿಂದೆ. ಸತ್ತವರು ಗುರುತನ್ನ ಹಿಂತಿರುಗೋ ಹೊತ್ತಿಗೆ ಇಡ್ತಿದ್ರು ಅಂತ ಬಲ್ಲವರು ಮಾತ್ರ ಅಲ್ಲಿ ನಿಲ್ಲಿಸ್ತಾರೆ. ಬಲ್ಲವರು ಇಬ್ಬರು. ಒಬ್ಬರು ಈ ಭಾಮೈದ. ಇವರ ಕೈಗೆ ವಾಚು ಬಂದದ್ದು ಎಲ್ಲ ಆದಮೇಲೆ. ಇನ್ನೊಬ್ಬರು ಜೊತೆಯಲ್ಲಿ ವರ್ಷಗಟ್ಟಲೆ ಮುಳುಗಿದವರು. ನಾನು ವಾಚು ತೋರಿಸಿದ ತಕ್ಷಣ, ಇನ್ನೂ ಹತ್ತು ನಿಮಿಷ ಇದೆ ಅಂತ ನಂಬ್ಕೊಂಡ, ಅಂದರು."

ಯಾರೂ ಬಾಗಿಲ ಕಡೆ ತಿರುಗಲಿಲ್ಲ. ತಿರುಗಬೇಕಾದ ಅಗತ್ಯವೂ ಇರಲಿಲ್ಲ.

"ಅವನಾ?" ಎಂದರು ಯಜಮಾನರು. "ಅವರಿಬ್ಬರೂ ಜೀವದ ಗೆಳೆಯರು."

"ಹೌದು. ಅದಕ್ಕೇ ಯಾಕೆ ಅಂತ ಹುಡುಕಬೇಕಾಯ್ತು. ಪಟ್ಟಿಯ ಕೊಕ್ಕೆಯಲ್ಲಿ ಹಸಿರು ಎಳೆ. ಸಿಲಿಂಡರಿನ ಕತ್ತಿನಲ್ಲೂ ಅದೇ ಎಳೆ. ಹಡಗಿನ ಪಂಖಕ್ಕೆ ಹಳೇ ಬಲೆ ಸುತ್ತಿತ್ತು. ಅದು ಬೆನ್ನಿನ ಸಿಲಿಂಡರಿಗೆ, ಎಡಗೈಗೆ ಸಿಕ್ಕಿಕೊಳ್ತು. ಬೆನ್ನ ಹಿಂದಿನದನ್ನ ತಾನೇ ಕತ್ತರಿಸಿಕೊಳ್ಳೋಕೆ ಆಗಲ್ಲ. ಅಂಥ ಹೊತ್ತಿಗೇ ಹಗ್ಗ ಇರೋದು. ಮೂರು ಸಲ ಎಳೆದರೆ ಮೇಲಿನವರು ಇಳೀಬೇಕು. ಮೇಸ್ತ್ರಿ, ನೀವು ಹಗ್ಗ ಕೈ ಬಿಡಲಿಲ್ಲ ಅಂದ್ರಿ. ಅವತ್ತೇ ಬಿಚ್ಚಿದ ಹೊಸ ಹಗ್ಗ, ಆಮೇಲೆ ಯಾರೂ ಮುಟ್ಟದ್ದು. ನಿಮ್ಮ ಕೈ ಇರಬೇಕಾದ ಜಾಗದಲ್ಲಿ ಗೇಣುದ್ದ ತುಕ್ಕಿನ ಕಲೆ ಇದೆ. ಮನುಷ್ಯನ ಕೈಗೆ ತುಕ್ಕು ಹಿಡಿಯಲ್ಲ. ಹಗ್ಗ ಗೂಟಕ್ಕೆ ಕಟ್ಟಿತ್ತು. ಎಳೆತ ಗೂಟಕ್ಕೆ ಬಂತು. ನೀವು ಎಲ್ಲಿದ್ರಿ ಅನ್ನೋದು ನನಗೆ ಗೊತ್ತಿಲ್ಲ. ಅದನ್ನ ನೀವೇ ಹೇಳಬೇಕು."

ಮೇಸ್ತ್ರಿ ತನ್ನ ಅಂಗೈ ನೋಡಿಕೊಂಡ. ಮಾತು ಶುರುಮಾಡಿದಾಗ ದನಿ ಸಾಧಾರಣವಾಗಿಯೇ ಇತ್ತು.

"ಪಕ್ಕದ ದೋಣಿಯವನ ಎಂಜಿನ್ ಹತ್ತುತ್ತಿರಲಿಲ್ಲ. ಒಂದು ಗಳಿಗೆ ನೋಡಿಕೊಡು ಅಂತ ಕೂಗಿದ. ಹಗ್ಗ ಕಟ್ಟಿ ಹೋದೆ. ಒಂದು ಗಳಿಗೆ ಅಂತಲೇ ಹೋದದ್ದು. ಎಂಜಿನ್ ಬಿಚ್ಚಿದ ಮೇಲೆ ಹೊತ್ತು ಹೋದದ್ದು ಗೊತ್ತಾಗ್ಲಿಲ್ಲ."

"ಹಿಂದೆಯೂ ಹೀಗೆ ಹೋಗ್ತಿದ್ರಾ?"

"ಹಳೇ ವಾಚು ಇದ್ದಾಗ ಇಲ್ಲ. ಅದು ಹಿಂದೆ ಮುಂದೆ ಓಡ್ತಿತ್ತು, ಅದಕ್ಕೆ ನಾನೇ ಹೊತ್ತು ನೋಡ್ತಿದ್ದೆ. ಇದು ಬಂದ ಮೇಲೆ ಅವನು ಹೇಳಿದ ಹೊತ್ತಿಗೆ ಸರಿಯಾಗಿ ಮೇಲೆ ಬರ್ತಿದ್ದ. ಒಂದು ದಿನ ತಪ್ಪಲಿಲ್ಲ. ನಾನು ನೋಡೋದು ಬಿಟ್ಟೆ." ಅವನು ಚೌಕಟ್ಟು ಬಿಟ್ಟು ನೆಟ್ಟಗೆ ನಿಂತ. "ವಾಪಸ್ ಬಂದಾಗ ಹಗ್ಗ ಬಿಗಿದು ನಿಂತಿತ್ತು. ಇಳಿದೆ. ಬಲೆ ಕತ್ತರಿಸಿ ತಂದೆ. ಸಂಜೆ ಕವರ್ ಬಿಚ್ಚಿ ನೋಡಿದ್ರೆ ಆ ವಾಚು ಓಡ್ತಾನೇ ಇತ್ತು. ಅವನು ಇಲ್ಲ, ಅದು ಓಡ್ತಿದೆ. ನಾಳೆ ಕೇಳ್ತಾರೆ, ಅಷ್ಟು ಬಲ್ಲವನು ಯಾಕೆ ಉಳಿದ ಅಂತ. ಏನಾದರೂ ಒಂದು ಹೇಳಬೇಕಿತ್ತು. ಅವನ ಮೇಲೆ ತಪ್ಪು ಹೊರಿಸೋಕೆ ಮನಸ್ಸು ಬರಲಿಲ್ಲ."

"ಅದಕ್ಕೆ ವಸ್ತುವಿನ ಮೇಲೆ ಹೊರಿಸಿದ್ರಿ," ಎಂದರು ಅತ್ತೆ. "ಅದನ್ನ ಆರಿಸಿ ತಂದವನೊಬ್ಬ ಇದ್ದ."

ಮೇಸ್ತ್ರಿ ಕನ್ನಡಕದವನ ಕಡೆ ನೋಡಿದ. ಕನ್ನಡಕದವನು ನೆಲ ನೋಡುತ್ತಿದ್ದ.

ಯಜಮಾನರು ಎದ್ದು ಅಂಗಿ ಸರಿಮಾಡಿಕೊಂಡರು. ಬಂದರಿನ ಅಧಿಕಾರಿಯ ಹತ್ತಿರ ಈಗಲೇ ಹೋಗಬೇಕು, ವರದಿ ಹೊಸದಾಗಿ ಬರೆಸಬೇಕು, ಮೇಸ್ತ್ರಿ ಇದೆಲ್ಲವನ್ನೂ ಅಲ್ಲಿ ಹೇಳಬೇಕು ಎಂದರು. ಮೇಸ್ತ್ರಿ ಹೂಂ ಎಂದ. ತಪ್ಪಿಸಿಕೊಳ್ಳುವ ಯೋಚನೆ ಅವನಲ್ಲಿ ಕಾಣಲಿಲ್ಲ. ಒಂದು ರೀತಿಯಲ್ಲಿ ಅವನ ಹೆಗಲು ಸ್ವಲ್ಪ ಇಳಿದು ಸಡಿಲವಾದಂತೆ ನನಗೆ ಕಂಡಿತು.

ಅವನು ಹೊಸ್ತಿಲು ದಾಟುವಾಗ ಅಕ್ಕ ಮೊದಲ ಸಲ ಬಾಯಿ ತೆರೆದಳು.

"ಅಣ್ಣಾ, ಎಷ್ಟು ಸಲ ಎಳೆದಿರಬಹುದು ಅವರು?"

ಅವನು ನಿಂತ. ತಿರುಗಲಿಲ್ಲ. ಯಜಮಾನರು ಅವನ ತೋಳು ಹಿಡಿದು ಮೆಟ್ಟಿಲು ಇಳಿಸಿದರು. ಸ್ಟೋರಿನವನು ಸದ್ದಿಲ್ಲದೆ ಹಿಂದೆಯೇ ಹೋದ.

ಅತ್ತೆ ಬಟ್ಟಲುಗಳನ್ನು ಒಂದೊಂದಾಗಿ ತೊಳೆದು ಒರೆಸಿ ಚೀಲಕ್ಕೆ ಹಾಕಿದರು. ವಾಚನ್ನು ಮೇಜಿನ ಮೇಲೆ ಬಿಟ್ಟರು. ಒರೆಸಿ ಎಣ್ಣೆ ಹಾಕಿದರೆ ಮತ್ತೆ ಓಡುತ್ತದೆ ಎಂದು ಅಂಗಡಿಯವರು ಹೇಳಿದ್ದನ್ನು ಅವರು ತಿಳಿಸಲಿಲ್ಲ. ಅದು ಆ ಹೊತ್ತಿಗೆ ಬೇಕಾದ ಮಾತಲ್ಲವೆಂದು ಅವರಿಗೆ ಅನ್ನಿಸಿರಬೇಕು.

ನಾವು ಹೊರಡಲು ಎದ್ದಾಗ ಕನ್ನಡಕದವನೂ ಎದ್ದ. ಚಪ್ಪಲಿಗೆ ಕಾಲು ತೂರಿಸುತ್ತ, ಯಾರಿಗೆ ಎಂದಿಲ್ಲದೆ, "ನಾನೂ ಬರ್ತೀನಿ," ಎಂದ.

ಅಕ್ಕ ಕಿಟಕಿಯಿಂದ ಈಚೆ ಬಂದಳು. ಅವನ ಮುಖ ನೋಡಿದಳು. ಒಂದು ವಾರದಲ್ಲಿ ಆ ಮುಖ ಎಷ್ಟು ಇಳಿದುಹೋಗಿದೆಯೆಂದು ಆಗಷ್ಟೇ ಕಂಡಂತಿತ್ತು.

"ಎಲ್ಲಿಗೆ ಹೋಗ್ತೀಯಾ?" ಎಂದಳು. "ಕೈ ತೊಳ್ಕೋ. ಊಟಕ್ಕೆ ಹಾಕ್ತೀನಿ."